ಕಾಲಿನ ಆಂಜಿಯೋಪ್ಲಾಸ್ಟಿ: ನಂತರದ ತೊಡಕುಗಳ ನಿರ್ವಹಣೆ

ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳ ಒಳಗೋಡೆಗೆ ಕೊಬ್ಬು ಮತ್ತು ಸುಣ್ಣಾಂಶ ಕಟ್ಟಿ ದಾರಿ ಕಿರಿದಾದಾಗ ಅದನ್ನು ಒಳಗಿನಿಂದಲೇ ಹಿಗ್ಗಿಸುವ ಚಿಕಿತ್ಸೆಗೆ ಆಂಜಿಯೋಪ್ಲಾಸ್ಟಿ ಎಂದು ಹೆಸರು. ಹೃದಯದ ಚಿಕಿತ್ಸೆಯೆಂದೇ ಜನ ಬಲ್ಲ ಈ ವಿಧಾನ ಹುಟ್ಟಿದ್ದು ಕಾಲಿನಲ್ಲಿ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಡಾಟರ್, ಗ್ಯಾಂಗ್ರೀನ್ ಆಗಿದ್ದರೂ ಕಾಲು ಕತ್ತರಿಸಲು ಒಪ್ಪದಿದ್ದ 82 ವರ್ಷದ ವೃದ್ಧೆಯ ತೊಡೆಯ ನಾಳದೊಳಗೆ ಒಂದಕ್ಕಿಂತ ಒಂದು ದಪ್ಪನೆಯ ಕ್ಯಾಥೆಟರ್‌ಗಳನ್ನು, ಅಂದರೆ ಟೊಳ್ಳು ನಳಿಕೆಗಳನ್ನು, ತೂರಿಸಿ ದಾರಿ ಬಿಡಿಸಿದರು.

ತೊಡಕುಗಳೂ ಈ ವಿಧಾನದ ಜೊತೆಯಲ್ಲೇ ಬಂದವು. ನಳಿಕೆ ದಪ್ಪವಾದಷ್ಟೂ ತೊಡೆಸಂದಿಯ ತೂತು ದೊಡ್ಡದಾಗಿ ರಕ್ತ ಸೋರುತ್ತಿತ್ತು, ಕದಲಿದ ಚೂರುಗಳು ಪಾದದ ಕಡೆಗೆ ಹರಿದು ಸಣ್ಣ ನಾಳಗಳನ್ನು ಮುಚ್ಚುತ್ತಿದ್ದವು. ಹಾಗೆ ಸಿಕ್ಕಿಕೊಂಡ ಹೆಪ್ಪನ್ನು ಬಲೂನಿನಿಂದ ಎಳೆದು ತೆಗೆಯುವ ಉಪಕರಣವನ್ನು ಥಾಮಸ್ ಫೋಗಾರ್ಟಿ 1963ರಲ್ಲೇ ಪ್ರಕಟಿಸಿದ್ದರು. 1974ರಲ್ಲಿ ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಸಿಗ್ ಸಣ್ಣ ತೂತಿನಿಂದ ಒಳಹೊಕ್ಕು ಆಮೇಲೆ ಉಬ್ಬುವ ಬಲೂನನ್ನು ಕಾಲಿನ ನಾಳದಲ್ಲಿ ಬಳಸಿದ ಮೇಲೆ ಅಪಾಯ ತಗ್ಗಿತು. ಬಲೂನಿನ ಒತ್ತಡಕ್ಕೆ ಒಳಪದರ ಸೀಳಿ ಹರಿವಿಗೆ ಅಡ್ಡಬಂದರೆ ಅದನ್ನು ಗೋಡೆಗೆ ಒತ್ತಿ ಹಿಡಿಯಲು ಸ್ಟೆಂಟ್ ಎಂಬ ಲೋಹದ ಜಾಲರಿ ಮುಂದೆ ಒದಗಿತು.

ಚುಚ್ಚಿದ ತೂತು ಮುಚ್ಚದೆ ರಕ್ತ ಸುತ್ತಲಿನ ಮಾಂಸದಲ್ಲಿ ಚೀಲದಂತೆ ತುಂಬಿಕೊಂಡು, ನಾಡಿಯ ಜೊತೆಗೇ ಮಿಡಿಯುವ ಗಂಟಾಗುವುದಕ್ಕೆ ಹುಸಿ ಅನ್ಯೂರಿಸಂ ಎನ್ನುತ್ತಾರೆ. ಒಂದು ಕಾಲದಲ್ಲಿ ಇದಕ್ಕೆ ಶಸ್ತ್ರಚಿಕಿತ್ಸೆಯೇ ಗತಿಯಾಗಿತ್ತು. 1990ರ ದಶಕದಲ್ಲಿ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ಅದೇ ಉಪಕರಣದಿಂದ ಗಂಟನ್ನು ಒತ್ತಿ ಹಿಡಿಯುವ ಕ್ರಮವೂ, ಬಳಿಕ ಥ್ರಾಂಬಿನ್ ಎಂಬ ಹೆಪ್ಪುಕಾರಕವನ್ನು ಸೂಜಿಯಿಂದ ಗಂಟಿನೊಳಗೆ ಬಿಟ್ಟು ಕೆಲವೇ ಕ್ಷಣಗಳಲ್ಲಿ ರಕ್ತ ಗಟ್ಟಿಯಾಗಿಸುವ ಕ್ರಮವೂ ರೂಢಿಗೆ ಬಂದು, ಎಷ್ಟೋ ರೋಗಿಗಳಿಗೆ ಕತ್ತರಿಯ ನೋವು ತಪ್ಪಿತು.

ಬೆಂಗಳೂರಿನಲ್ಲಿ ವಸಂತನಗರದ ಮಹಾವೀರ ಜೈನ್ ಆಸ್ಪತ್ರೆಯ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವಾಸ್ಕ್ಯುಲರ್ ಸೈನ್ಸಸ್ ರಕ್ತನಾಳಗಳ ಚಿಕಿತ್ಸೆಗೆಂದೇ ಮೀಸಲಾದ ಕೇಂದ್ರ. ಸಕ್ಕರೆ ಕಾಯಿಲೆಯವರಲ್ಲಿ ಮೊಣಕಾಲಿನ ಕೆಳಗಿನ ಸಪೂರ ನಾಳಗಳೇ ಸುಣ್ಣಗಟ್ಟುವುದು ಹೆಚ್ಚಾದ್ದರಿಂದ ಅವರ ಚಿಕಿತ್ಸೆಯೂ ನಂತರದ ಆರೈಕೆಯೂ ಹೆಚ್ಚು ನಾಜೂಕು.

ಇಷ್ಟೆಲ್ಲ ಉಪಕರಣಗಳು ಬಂದರೂ ಕಾವಲಿನ ಮೊದಲ ಸಾಧನ ಬೆರಳೇ ಆಗಿ ಉಳಿದಿದೆ: ಪಾದದ ಮೇಲೆ ನಾಡಿ ಸಿಕ್ಕ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ದಾದಿಯರು ಪದೇಪದೇ ಅಲ್ಲೇ ಮುಟ್ಟಿ ನೋಡುತ್ತಾರೆ. ಮನೆಗೆ ಬಂದ ಮೇಲೆ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಹರಿವು ಪೂರ್ತಿ ನಿಂತ ಕಾಲಿನ ಸ್ನಾಯು, ನರಗಳು ಸುಮಾರು 6 ಗಂಟೆಗಳಲ್ಲೇ ಮರಳಿ ಸರಿಪಡಿಸಲಾಗದಷ್ಟು ಕೆಡಬಹುದು.