ಜೋಳದ ಋಣ



ಹಡಪಸರದಲ್ಲಿ ಜೋಳದ ಭಾಕರಿ ಮುರಿಯುವಾಗಲೆಲ್ಲ ನನಗೆ ಹಳಗನ್ನಡದ ಒಂದು ಮಾತು ನೆನಪಾಗುತ್ತದೆ: ಜೋಳವಾಳಿ. ಒಡೆಯನ ಜೋಳ ಉಂಡವನು ರಣದಲ್ಲಿ ಆ ಋಣ ತೀರಿಸಬೇಕು ಎಂಬ ಕಟ್ಟಳೆ. 941ರಲ್ಲಿ ಪಂಪ ಬರೆದ 'ವಿಕ್ರಮಾರ್ಜುನ ವಿಜಯ'ದ ಕರ್ಣನನ್ನೇ ನೋಡಿ. ಪಾಂಡವರು ಒಡಹುಟ್ಟಿದವರೆಂದು ತಿಳಿದ ಮೇಲೂ ದುರ್ಯೋಧನನನ್ನು ಬಿಡುವುದಿಲ್ಲ.

ಇಂಗ್ಲೆಂಡಿನ ಹಳೆಯ ಕಾವ್ಯ 'ಬಿಯೊವುಲ್ಫ್'ನಲ್ಲೂ ಇದೇ ಲೆಕ್ಕ. ಮುದಿ ದೊರೆ ಘಟಸರ್ಪದೊಡನೆ ಕಾದುವಾಗ, ಅವನ ಸಭೆಯಲ್ಲಿ ಉಂಡು ಕುಡಿದವರೆಲ್ಲ ಕಾಡಿಗೆ ಓಡುತ್ತಾರೆ. ನಿಲ್ಲುವವನು ವಿಗ್ಲಾಫ್ ಎಂಬ ತರುಣ ಒಬ್ಬನೇ. ಆ ಕವಿಗಳು ಸಾಲಿನ ಪದಗಳನ್ನು ಮೊದಲ ಧ್ವನಿಯಿಂದ ಬೆಸೆದರು, ನಮ್ಮವರು ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಟ್ಟರು. ಎರಡೂ ಕಿವಿಗಾಗಿಯೇ. ಮೈಕಿನ ಮುಂದೆ ಕೂರುವವಳಿಗೆ ಇದಕ್ಕಿಂತ ಖುಷಿ ಬೇಕೆ?

ಕಾವ್ಯ ಇರಲಿ, ನನಗೆ ಹೆಚ್ಚು ಇಷ್ಟ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಅಲ್ಲಿ ಮುಂದೆ ನಿಂತು ಕಾದಿದ ಬೂತುಗನ ಬಂಟ ಮಣಲೆರನಿಗೆ 'ಮೆಚ್ಚಿದೆ, ಬೇಕಾದ್ದು ಕೇಳು' ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂದು ಶಾಸನವೇ ಎಚ್ಚರಿಸುತ್ತದೆ. ನೋಡಿದಿರಾ, ಇಲ್ಲೂ ಊಟದ್ದೇ ಮಾತು.

ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು. ಅದರ ನೆತ್ತಿಯಲ್ಲಿ ನಾಯಿ, ಹಂದಿ ಇನ್ನೂ ಕಾದುತ್ತಿವೆ.