ಕರಾವಳಿಯ ಗೋಡೆ, ಸುಣ್ಣ ಮತ್ತು ಕಾವಿ

ಪುಣೆಯ ಜನಕ್ಕೆ ಮನೆಯ ಹೊರಗೋಡೆ ಬಣ್ಣದ ಬಗ್ಗೆ ದೊಡ್ಡ ಚಿಂತೆ ಇಲ್ಲ. ನಾನಿರುವ ಯೆರವಡಾವನ್ನೇ ತೆಗೆದುಕೊಳ್ಳಿ. ಇಲ್ಲಿಯ ಡೆಕ್ಕನ್ ಕಾಲೇಜಿನ ಹಳೇ ಕಟ್ಟಡ 1860ರ ದಶಕದ್ದು, ಬೂದುಗಪ್ಪು ಕಲ್ಲಿನದು. ಬಣ್ಣವನ್ನೇ ಕೇಳದ ಗೋಡೆ! ಈ ಸೀಮೆಯ ಕಪ್ಪುಕಲ್ಲು ನೀರು ಕುಡಿಯುವುದು ಕಡಿಮೆ. ಮಳೆಯೂ ಅಷ್ಟೇ, ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಪೇಂಟಿಂಗ್ ವಿಷಯ ಬಂದರೆ ಜಗಳ ಆಗುವುದು ಹಳದಿಯೋ ಗುಲಾಬಿಯೋ ಅಂತ. ಬಣ್ಣ ನಿಲ್ಲುತ್ತದೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ.

ನಾನು ಹುಟ್ಟಿದ ಕುಮಟಾ ಸೀಮೆಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅದೂ ನೆಟ್ಟಗೆ ಬೀಳುವ ಮಳೆಯಲ್ಲ. ಸಮುದ್ರದ ಕಡೆಯ ಗಾಳಿ ದೂಡಿಕೊಂಡು ಬಂದು ಗೋಡೆಗೆ ಅಡ್ಡ ಹೊಡೆಯುವ ಎರಚಲು. ಅದರ ಜೊತೆ ಉಪ್ಪಿನ ಗಾಳಿ. ಮಳೆ ನಿಂತಮೇಲೆ ಬಿಸಿಲು. ಸಾಲದ್ದಕ್ಕೆ ನಮ್ಮ ಗೋಡೆ ಚಿರೇಕಲ್ಲಿನದು. 1800-01ರಲ್ಲಿ ನಮ್ಮ ಕಡೆಯೆಲ್ಲ ತಿರುಗಾಡಿದ ಬುಕಾನನ್ ಸಾಹೇಬ ಮಲಬಾರಿನಲ್ಲಿ ಇದನ್ನು ನೋಡಿ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಶಬ್ದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ನೆಲದಲ್ಲಿದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಆದರೆ ಮೈತುಂಬ ತೂತು. ನೀರನ್ನು ಚೆನ್ನಾಗಿಯೇ ಕುಡಿಯುತ್ತದೆ.

ಇಂಥ ಗೋಡೆಗೆ ಹಿಂದಿನವರು ಬಣ್ಣ ಹೇಗೆ ಉಳಿಸಿಕೊಂಡರು?

ಮೊದಲನೆಯದಾಗಿ, ಗೋಡೆಗೆ ನೀರು ತಾಗದಂತೆ ನೋಡಿಕೊಂಡರು. ನಮ್ಮ ಕಡೆಯ ಹಳೇ ಮನೆಗಳ ಮಾಡು ಗೋಡೆಗಿಂತ ಎಷ್ಟು ಮುಂದೆ ಬಂದಿರುತ್ತದೆ ನೋಡಿ, ಜಗಲಿಯ ಮೇಲೆ ಬಗ್ಗಿ ಹೋಗಬೇಕು. ಮೊದಲು ಹುಲ್ಲು, ಸೋಗೆ, ಮಡಲು ಹೊದೆಸುತ್ತಿದ್ದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದ ಮೇಲೆ ಮೆಲ್ಲಗೆ ಹಂಚು ಬಂತು. ಹಂಚು ಬಂದರೂ ಮಾಡಿನ ಇಳಿಜಾರು, ಮುಂಚಾಚು ಹಾಗೇ ಉಳಿಯಿತು. ಮೇ ತಿಂಗಳ ಕೊನೆಗೆ ಪಡುವಣ ದಿಕ್ಕಿನ ಗೋಡೆಗೆ ಮಡಲಿನ ತಟ್ಟಿ ಕಟ್ಟುವುದು ಒಂದು ದೊಡ್ಡ ಕೆಲಸ. ನಾಲ್ಕು ತಿಂಗಳು ಮನೆಯೊಳಗೆ ಕತ್ತಲೆ. ನವರಾತ್ರಿ ಹೊತ್ತಿಗೆ ತಟ್ಟಿ ಬಿಚ್ಚಿದಾಗ ಇಡೀ ಮನೆಗೆ ಒಮ್ಮೆಲೇ ಬೆಳಕು ಬರುತ್ತಿದ್ದದ್ದು ನನಗೆ ಈಗಲೂ ನೆನಪಿದೆ.

ಎರಡನೆಯದು ಸುಣ್ಣ. ಘಟ್ಟದ ಮೇಲಿನವರು ಕಲ್ಲು ಸುಟ್ಟು ಸುಣ್ಣ ಮಾಡಿದರೆ ನಮ್ಮದು ಚಿಪ್ಪಿನ ಸುಣ್ಣ. ಅಘನಾಶಿನಿ ಅಳಿವೆಯಲ್ಲಿ ಬಳಚಿನ ಚಿಪ್ಪಿಗೆ ಬರವಿರಲಿಲ್ಲ. ಚಿಪ್ಪು ಸುಟ್ಟು, ನೀರು ಹಾಕಿ ಅರಳಿಸಿ, ಸೋಸಿ, ಕೇದಗೆಯ ಬಿಳಲು ಜಜ್ಜಿ ಮಾಡಿದ ಕುಂಚದಿಂದ ಬಳಿಯುವುದು. ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಮತ್ತೆ ಚಿಪ್ಪಿನ ಜಾತಿಯ ವಸ್ತುವೇ ಆಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಗೋಡೆಗೆ ತೆಳ್ಳಗೆ ಕಲ್ಲಿನದೇ ಒಂದು ಪದರ ಹೊದೆಸಿದ ಹಾಗೆ. ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಗೋಡೆ ಕುಡಿದ ನೀರು ಆವಿಯಾಗಿ ಹೊರಗೆ ಹೋಗಲು ದಾರಿ ಇರುತ್ತದೆ. ಹೊಸ ಸುಣ್ಣದ ಖಾರಕ್ಕೆ ಪಾಚಿಯೂ ಸುಲಭಕ್ಕೆ ಹತ್ತುವುದಿಲ್ಲ. ಮಳೆಗೆ ವರ್ಷಕ್ಕಿಷ್ಟು ತೊಳೆದು ಹೋಗುತ್ತದೆ, ಮರುವರ್ಷ ಮತ್ತೆ ಬಳಿಯುವುದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸುಣ್ಣ ಎನ್ನುವುದು ರೆವಿನ್ಯೂ ಖರ್ಚು. ಪ್ರತಿ ವರ್ಷ ಪ್ರಾಫಿಟ್ ಆಂಡ್ ಲಾಸ್ ಖಾತೆಗೆ ಬರೆದು ಮುಗಿಸಬೇಕು. (ಬಿ.ಕಾಂ. ಓದಿದವನ ಬುದ್ಧಿ ಎಲ್ಲಿಗೆ ಹೋಗುತ್ತದೆ ಹೇಳಿ!)

ಆದರೆ ಕ್ಯಾಪಿಟಲ್ ಖರ್ಚಿನ ಬಣ್ಣವೂ ಒಂದಿತ್ತು, ಅದೇ ಕಾವಿ. ಬಣ್ಣವನ್ನು ಗೋಡೆಯ ಮೇಲೆ ಬಳಿಯದೆ ಗೋಡೆಯ ಒಳಗೇ ಕೂರಿಸುವ ವಿದ್ಯೆ. ಸಿಂಧುದುರ್ಗದಿಂದ ಗೋವಾ, ಕಾರವಾರ, ಅಂಕೋಲೆ, ಕುಮಟಾ, ಭಟ್ಕಳದವರೆಗೆ ದೇವಸ್ಥಾನಗಳ ಮತ್ತು ಕೆಲವು ದೊಡ್ಡ ಮನೆಗಳ ಗೋಡೆಗಳ ಮೇಲೆ ಇದಿತ್ತು. ಬಿಳಿ, ಕೆಂಪು ಎರಡೇ ಬಣ್ಣ. ಚಿಪ್ಪಿನ ಸುಣ್ಣಕ್ಕೆ ತೊಳೆದ ಹೊಳೆಮರಳು, ಬೆಲ್ಲ ಸೇರಿಸಿ ಹದಿನೈದು ದಿನ ಕೊಳೆಹಾಕುತ್ತಿದ್ದರು. ಆಮೇಲೆ ಕುಟ್ಟಿ ಹದ ಮಾಡಿ ಗೋಡೆಗೆ ಗಾರೆ. ಅದರ ಮೇಲೆ ಕೆಮ್ಮಣ್ಣು ಕಲಸಿದ ಇನ್ನೊಂದು ತೆಳು ಪದರ. ಹಸಿ ಆರುವ ಮೊದಲೇ ಕೈವಾರ, ಕಂಠದಿಂದ ಗೆರೆ ಎಳೆದು ಬೇಡದ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಕಾಣುತ್ತದೆ. ಕೊನೆಗೆ ಹೊಳೆಯ ನುಣುಪುಗಲ್ಲಿನಿಂದ ಉಜ್ಜಿ, ಕೆಲವು ದಿನ ನೀರು ಹೊಡೆದು ಹದಮಾಡುವುದು.

ಇದು ಬಾಳುವುದಕ್ಕೆ ಕಾರಣ ಸರಳ. ಕೆಮ್ಮಣ್ಣಿನ ಕೆಂಪು ಎಂದರೆ ಕಬ್ಬಿಣದ ಆಕ್ಸೈಡು, ಒಂದು ರೀತಿಯ ತುಕ್ಕೇ. ಆಗಲೇ ತುಕ್ಕು ಹಿಡಿದದ್ದಕ್ಕೆ ಉಪ್ಪುಗಾಳಿ ಇನ್ನೇನು ಮಾಡೀತು? ಬಿಸಿಲಿಗೆ ಮಾಸುವುದಿಲ್ಲ, ಸುಣ್ಣದ ಖಾರಕ್ಕೂ ಜಗ್ಗುವುದಿಲ್ಲ. ಸುಣ್ಣ ಕಲ್ಲಾಗುವಾಗ ಆ ಕೆಂಪು ಕಣಗಳನ್ನು ತನ್ನೊಳಗೇ ಕಟ್ಟಿಹಾಕಿಕೊಳ್ಳುತ್ತದೆ. ಸುಲಿದು ಬರಲು ಅಲ್ಲಿ ಪೊರೆ ಎನ್ನುವುದೇ ಇಲ್ಲವಲ್ಲ.

ಈ ಕೆಂಪಿಗೆ ನಮ್ಮ ಕಡೆ ಉರಮುಂಜಿ, ಹುರಮುಂಜಿ ಎನ್ನುವ ಹೆಸರಿದೆ. ಮೂಲ ಪರ್ಶಿಯಾ ಕೊಲ್ಲಿಯ ಹೊರ್ಮುಜ್. ಆ ದ್ವೀಪದ ಕೆಂಪುಮಣ್ಣು ಪ್ರಸಿದ್ಧ. ವಿಜಯನಗರದ ಕಾಲದಲ್ಲಿ ಅರಸರ ಕುದುರೆಗಳು ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಬಂದು ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳವೂ ಒಂದು. ಮಣ್ಣಂತೂ ನಮ್ಮ ಗುಡ್ಡದಲ್ಲೇ ಬೇಕಾದಷ್ಟಿತ್ತು. ಹೆಸರು ಮಾತ್ರ ಸಮುದ್ರ ದಾಟಿ ಬಂದು ಇಲ್ಲೇ ಉಳಿದುಕೊಂಡಿತು.

ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತರು (1934-2002) ಊರೂರು ಅಲೆದು ಈ ಕಾವಿಯ ಚಿತ್ರಗಳ ಫೋಟೋ ತೆಗೆದರು, ಬರೆದರು. ಅವರು ದಾಖಲೆ ಮಾಡದಿದ್ದರೆ ನಮ್ಮಂಥವರಿಗೆ ಇದು ದೇವಸ್ಥಾನದ ಹಳೇ ಬಣ್ಣ ಅಷ್ಟೇ ಆಗಿರುತ್ತಿತ್ತು. ಇತ್ತೀಚೆಗೆ ಉಡುಪಿ ಕಡೆಯ ಜನಾರ್ದನ ಹಾವಂಜೆಯವರು ಈ ಕಲೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ.

ಹಾಗಾದರೆ ಕೆಟ್ಟದ್ದು ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಸಿಮೆಂಟು ಮತ್ತು ತಾರಸಿ ಒಟ್ಟಿಗೆ ಬಂದಾಗ. ತಾರಸಿ ಮನೆಗೆ ಮುಂಚಾಚು ಇಲ್ಲ. ಇದ್ದರೂ ಕಿಟಕಿಯ ಮೇಲೆ ಒಂದೂವರೆ ಅಡಿಯ ಸಜ್ಜೆ. ಮಾಡು ಮಾಡುತ್ತಿದ್ದ ಕೆಲಸವನ್ನೆಲ್ಲ ಬಣ್ಣದ ಡಬ್ಬಿಯ ತಲೆಗೆ ಕಟ್ಟಿದೆವು. ಸುಣ್ಣ ಹೋಗಿ ಸ್ನೋಸೆಮ್ ಬಂತು, ಅದು ಹೋಗಿ ಪ್ಲಾಸ್ಟಿಕ್ಕಿನಂಥ ಎಮಲ್ಶನ್ ಬಂತು. ಎಮಲ್ಶನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸಿಮೆಂಟಿನ ಹೊಸ ಮನೆಗೆ ಅದೇ ಸರಿ. ಪ್ಲಾಸ್ಟರು ಒಂದು ತಿಂಗಳಾದರೂ ಹದಗೊಂಡಿರಬೇಕು, ಮಳೆಗಾಲ ಮುಗಿದ ಕೂಡಲೇ ಗಡಿಬಿಡಿ ಮಾಡದೆ ಜನವರಿ ಫೆಬ್ರವರಿಯಲ್ಲಿ ಗೋಡೆ ಪೂರಾ ಒಣಗಿದ ಮೇಲೆ ಹಚ್ಚಬೇಕು, ಅದಕ್ಕೆ ಮೊದಲು ಉಪ್ಪನ್ನೂ ಪಾಚಿಯನ್ನೂ ತೊಳೆದು ಪ್ರೈಮರ್ ಕೊಡಬೇಕು. ತೊಂದರೆ ಆಗುವುದು ಅದನ್ನೇ ತಂದು ಚಿರೇಕಲ್ಲು-ಸುಣ್ಣದ ಹಳೇ ಗೋಡೆಗೆ ಬಳಿದಾಗ. ಒಳಗಿನ ತೇವಕ್ಕೆ ದಾರಿ ಮುಚ್ಚುತ್ತದೆ. ನೀರಿನ ಜೊತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ನೂಕುತ್ತದೆ. ಎರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬುತ್ತದೆ. ಬರುವಾಗ ಒಳಗಿನ ಗಾರೆಯನ್ನೂ ಕಿತ್ತುಕೊಂಡು ಬರುತ್ತದೆ!

ಇಷ್ಟೆಲ್ಲ ಈಗ ಬರೆಯಲು ಕಾರಣ ನಮ್ಮೂರಿನ ಸಣ್ಣ ದೇವಸ್ಥಾನ. ಅದರ ಹೊರಗೋಡೆಯಲ್ಲಿ ಕಾವಿ ಇದೆ. ಎರಡು ಗಿಳಿ, ಒಂದು ಆನೆ, ಮೂಡಣ ಬದಿಗೆ ಕೈವಾರದಲ್ಲಿ ಎಳೆದ ದೊಡ್ಡ ಚಕ್ರಗಳು. ಈಗ ಜೀರ್ಣೋದ್ಧಾರ ಸಮಿತಿ ಆಗಿದೆ. ಪುಣೆ, ಮುಂಬಯಿ, ಬೆಂಗಳೂರಿನಲ್ಲಿರುವ ನಮ್ಮಂಥವರಿಗೆ ದೇಣಿಗೆಯ ಪತ್ರ ಬಂದಿದೆ. ಪ್ಲಾನಿನ ಪ್ರಕಾರ ಗೋಡೆ ಕೆರೆದು ಸಿಮೆಂಟ್ ಪ್ಲಾಸ್ಟರು, ನಾಲ್ಕು ಅಡಿವರೆಗೆ ಟೈಲ್ಸ್, ಮೇಲೆ ಎಮಲ್ಶನ್. ಹೀಗೆಯೇ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಾವಿಗೋಡೆಗಳು ಹೋಗಿವೆ, ಭಕ್ತಿಯಿಂದಲೇ ಹೋಗಿವೆ.

ಸಮಿತಿಯಲ್ಲಿರುವ ಚಿಕ್ಕಪ್ಪನ ಮಗ ಫೋನಿನಲ್ಲಿ ಹೇಳಿದ, "ಅಣ್ಣಾ, ನೀ ಪುಣೇಲಿ ಕೂತ್ಕಂಡು ಚಂದ ಅಂತೆ. ಪಡುವಣ ಬದಿ ಗೋಡೆ ಉದುರ್ತಾ ಉಂಟು. ಅದಕ್ಕೆಂತ ಮಾಡೂದು?"

ಅವನ ಮಾತಿನಲ್ಲಿ ತಪ್ಪಿಲ್ಲ. ಉದುರುತ್ತಿರುವುದು ನಿಜ. ಕಳೆದ ಮೇ ತಿಂಗಳಲ್ಲಿ ಹೋದಾಗ ನಾನೂ ನೋಡಿದ್ದೇನೆ. ಆದರೆ ಉದುರಿದ್ದು ಎಲ್ಲಿ? ಹಿಂದೊಮ್ಮೆ ಬಿರುಕಿಗೆ ಸಿಮೆಂಟಿನ ತೇಪೆ ಹಾಕಿದ್ದರಲ್ಲ, ಅದರ ಸುತ್ತಲೇ. ಸಿಮೆಂಟು ನೀರನ್ನು ಬಿಡುವುದಿಲ್ಲ, ನೀರು ಪಕ್ಕದ ಸುಣ್ಣದ ಗಾರೆಯಿಂದ ಹೊರಟಿದೆ, ಉಪ್ಪು ಅಲ್ಲೇ ಕೂತಿದೆ. ಮೇಲೆ ಹಂಚು ಒಡೆದ ಕಡೆ ನೀರಿನ ಗೆರೆಯೂ ಇದೆ. ತೇಪೆ ಇಲ್ಲದ, ಮಾಡು ಸರಿ ಇರುವ ಮೂಡಣ ಬದಿಯಲ್ಲಿ ಚಕ್ರದ ಒಂದು ಗೆರೆಯೂ ಅಳಿಸಿಲ್ಲ.

ಅದಕ್ಕೆ ಸಮಿತಿಗೆ ಒಂದು ಪತ್ರ ಬರೆದಿದ್ದೇನೆ. ಕೇಳಿದ ದೇಣಿಗೆ ಪೂರ್ತಿ ಕೊಡುತ್ತೇನೆ, ಆದರೆ ಅದು ಮೊದಲು ಮಾಡಿನ ಹಂಚು ಮತ್ತು ಪಕಾಸಿಗೆ ಹೋಗಬೇಕು. ಸಿಮೆಂಟ್ ತೇಪೆ ಬಿಡಿಸಿ ಚಿಪ್ಪಿನ ಸುಣ್ಣದ ಗಾರೆ ಹಾಕಬೇಕು. ಗಿಳಿ, ಆನೆ, ಚಕ್ರ ಇರುವ ಭಾಗಕ್ಕೆ ಕಾವಿ ಬಲ್ಲವರು ಬಂದು ನೋಡುವವರೆಗೆ ಯಾರೂ ಉಳಿ ಹಚ್ಚಬಾರದು. ಟೈಲ್ಸ್ ಬೇಕೇ ಬೇಕಾದರೆ ಕೈಕಾಲು ತೊಳೆಯುವ ಕಟ್ಟೆಗೆ ಹಾಕಲಿ, ನನ್ನ ತಕರಾರಿಲ್ಲ.

ಮೀಟಿಂಗು ದೀಪಾವಳಿ ಕಳೆದ ಮೇಲೆ. ಚಿಕ್ಕಪ್ಪನ ಮಗ ಈಗಾಗಲೇ ಎರಡು ಸಲ ಫೋನ್ ಮಾಡಿ, ಚಿಪ್ಪಿನ ಸುಣ್ಣ ಮೂಟೆಗೆ ಎಷ್ಟಾಗುತ್ತದೆ, ಬೆಲ್ಲ ಎಷ್ಟು ಬೇಕು ಅಂತ ಕೇಳಿದ್ದಾನೆ.