ಕೋಟೆಯ ಬಾಗಿಲೂ ಪ್ಲೇಗಿನ ಇಲಿಯೂ

ಬಂಕಾಪುರದ ಕೋಟೆಯೊಳಗೆ ಕಾಲಿಟ್ಟವರು ಮೊದಲು ಕೇಳುವುದು ನಗರೇಶ್ವರನ ಗುಡಿಯನ್ನು. ಜನರ ಬಾಯಲ್ಲಿ ಅದು ಅರವತ್ತು ಕಂಬದ ಗುಡಿ. ಊರಿಗೆ ಹೆಸರು ಬಂದದ್ದು ಅಮೋಘವರ್ಷ ನೃಪತುಂಗನ ದಂಡನಾಯಕನಾದ ಬಂಕೇಯನಿಂದ. ಅವನ ಮಗ ಲೋಕಾದಿತ್ಯನು ಇಲ್ಲಿ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ ಉತ್ತರಪುರಾಣಕ್ಕೆ ಪೂಜೆ ಸಂದಿತೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ಪಾಠದೊಳಗಿನ ಊರು. ಆದರೆ ಇಂದು ನಾನು ಹೇಳಹೊರಟದ್ದು ಗುಡಿಯ ಮಾತಲ್ಲ, ಕೋಟೆಯ ಬಾಗಿಲಿನ ಮಾತು.

ಕೋಟೆಯೆಂದರೆ ಬೇಕಾದಾಗ ಮುಚ್ಚಿಕೊಳ್ಳಬಲ್ಲ ಊರು. ದಂಡು ಬರುವ ಸುದ್ದಿ ಬಂದರೆ ಬಾಗಿಲಿಗೆ ಅಗುಳಿ ಹಾಕಬೇಕು, ಕಣಜದಲ್ಲಿ ಕಾಳು ಇರಬೇಕು, ಬಾವಿಯಲ್ಲಿ ನೀರಿರಬೇಕು, ಶತ್ರು ಬೇಸತ್ತು ಹೋಗುವ ತನಕ ಒಳಗೆ ಕಾಯಬೇಕು. ಶತಮಾನಗಳ ಕಾಲ ನಮ್ಮ ಹಿರಿಯರಿಗೆ ರಕ್ಷಣೆಯೆಂದರೆ ಇದೇ ಆಗಿತ್ತು. ಆದರೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಧಾರವಾಡ ಜಿಲ್ಲೆಗೆ ಬಂದ ಶತ್ರು ಇಂಥ ಬಾಗಿಲುಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅದು ಪ್ಲೇಗು. ಧಾನ್ಯದ ಚೀಲದ ಜೊತೆಗೆ, ಇಲಿಯ ಮೈಮೇಲಿನ ಚಿಗಟದಲ್ಲಿ ಕುಳಿತು ಅದು ಮನೆಯೊಳಗೇ ಬಂದಿತು. ಆಗ ಈ ಸೀಮೆಯ ಜನ ಬಾಗಿಲು ಹಾಕಿಕೊಂಡು ಒಳಗೆ ಕೂಡಲಿಲ್ಲ. ಬಾಗಿಲು ತೆರೆದು ಹೊಲದ ಕಡೆಗೆ ನಡೆದರು.

ಈ ಹಳೆಯ ಸಂಗತಿಯನ್ನು ನೆನಪಿಗೆ ತಂದುಕೊಳ್ಳಲು ಕಾರಣವಿದೆ. 2020ರ ಮಾರ್ಚ್ ತಿಂಗಳಲ್ಲಿ ಇಡೀ ದೇಶ ಬಾಗಿಲು ಹಾಕಿಕೊಂಡಿತು. ಅದು ಸರಿಯಾಯಿತೆ, ತಪ್ಪಾಯಿತೆ ಎಂಬ ವಾದ ಇನ್ನೂ ಮುಗಿದಿಲ್ಲ. ನಮ್ಮ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಅರ್ಥಶಾಸ್ತ್ರದವರು, “ರೋಗಕ್ಕಿಂತ ಮದ್ದೇ ಹೆಚ್ಚು ಜನರನ್ನು ಕಾಡಿತು” ಎನ್ನುತ್ತಾರೆ. ಜೀವಶಾಸ್ತ್ರದವರು, “ಮುಚ್ಚದಿದ್ದರೆ ಹೆಣ ಹೊರಲು ಜನ ಸಿಕ್ಕುತ್ತಿರಲಿಲ್ಲ” ಎನ್ನುತ್ತಾರೆ. ನಾನು ವೈದ್ಯನೂ ಅಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಆದರೆ ಈ ಪ್ರಶ್ನೆಯನ್ನು ನಮ್ಮ ನಾಡು ಹಿಂದೆಯೂ ಒಮ್ಮೆ ಎದುರಿಸಿದೆ. ಆಗ ಕಲಿತದ್ದನ್ನು ಮುಂದಿಟ್ಟುಕೊಂಡರೆ ವಾದಕ್ಕೆ ಸ್ವಲ್ಪ ಬೆಳಕು ಬಿದ್ದೀತೆಂದು ನನ್ನ ನಂಬಿಕೆ.

ಪ್ಲೇಗು ಮೊದಲು ಕಾಣಿಸಿಕೊಂಡದ್ದು 1896ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಮಾಂಡವಿಯಲ್ಲಿ. ಅಲ್ಲಿ ಧಾನ್ಯದ ಉಗ್ರಾಣಗಳಿದ್ದವು; ಉಗ್ರಾಣವಿದ್ದಲ್ಲಿ ಇಲಿ. ಅಂದಿನ ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಬಂಕಾಪುರವೆಂಬುದು ಆ ಜಿಲ್ಲೆಯ ಒಂದು ತಾಲೂಕಿನ ಹೆಸರಾಗಿತ್ತು, ಕಚೇರಿ ಮಾತ್ರ ಶಿಗ್ಗಾವಿಯಲ್ಲಿ. ಪುಣೆ–ಬೆಂಗಳೂರು ಹೆದ್ದಾರಿ ಒಂದು ಕಡೆ, ಹುಬ್ಬಳ್ಳಿ–ಹರಿಹರದ ರೇಲು ಇನ್ನೊಂದು ಕಡೆ. ವ್ಯಾಪಾರ ಬರುವ ದಾರಿಯಲ್ಲಿಯೇ ರೋಗವೂ ಬಂದಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಅದರ ಆರ್ಭಟ ಭಯಂಕರವಾಗಿತ್ತು. ಅದೇ ವರ್ಷ ಬೆಂಗಳೂರನ್ನೂ ಅದು ಮುಟ್ಟಿತು. ಮುಂದಿನ ಕೆಲವು ದಶಕಗಳಲ್ಲಿ ಈ ದೇಶದಲ್ಲಿ ಪ್ಲೇಗಿನಿಂದ ಸತ್ತವರು ಒಂದು ಕೋಟಿಗೂ ಹೆಚ್ಚು. 1907ರ ಒಂದೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನ ತೀರಿಕೊಂಡರು.

ಸರಕಾರವೇನು ಸುಮ್ಮನೆ ಕೂಡಲಿಲ್ಲ. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಕೇವಲ ನಾಲ್ಕು ಕಲಮುಗಳ ಪುಟ್ಟ ಕಾಯಿದೆ. ಆದರೆ ಅಧಿಕಾರಿಗೆ ಅದು ಕೊಟ್ಟ ಶಕ್ತಿ ದೊಡ್ಡದು. ರೇಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಕಂಕುಳು, ತೊಡೆಸಂದು ಮುಟ್ಟಿ ನೋಡುವುದು, ಸಂಶಯ ಬಂದವರನ್ನು ತಡೆದಿಡುವುದು, ಮನೆ ಹೊಕ್ಕು ರೋಗಿಗಳನ್ನು ಹುಡುಕುವುದು, ಬಟ್ಟೆಬರೆ ಸುಡುವುದು, ಮನೆಗೆ ಮದ್ದಿನ ನೀರು ಹೊಡೆಯುವುದು. ಪುಣೆಯಲ್ಲಿ ಈ ಕೆಲಸಕ್ಕೆ ಸೈನಿಕರನ್ನೇ ಬಿಟ್ಟರು. ದೇವರ ಕೋಣೆಗೂ ಅಡುಗೆಮನೆಗೂ ಬೂಟುಗಾಲು ನುಗ್ಗಿತು. ಜನರ ಸಿಟ್ಟು ಎಲ್ಲಿಗೆ ಮುಟ್ಟಿತೆಂಬುದು ವಾಚಕರಿಗೆ ಗೊತ್ತೇ ಇದೆ: 1897ರ ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ್‍ಯಾಂಡನ ಮೇಲೆ ಚಾಪೇಕರ ಸಹೋದರರ ಗುಂಡು ಹಾರಿತು. ಅದೇ ಪುಣೆಯಲ್ಲಿ, ಅದೇ ವರ್ಷದ ಮಾರ್ಚಿನಲ್ಲಿ, ಪ್ಲೇಗು ರೋಗಿಗಳ ಸೇವೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರು ಅಸುನೀಗಿದ್ದರೆಂಬುದನ್ನೂ ಮರೆಯಬಾರದು. ರೋಗವನ್ನು ಎದುರಿಸುವ ಎರಡು ರೀತಿಗಳು ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲಿದ್ದವು.

ಇಷ್ಟೆಲ್ಲ ಮಾಡಿದರೂ ಪ್ಲೇಗು ನಿಲ್ಲಲಿಲ್ಲ. ಏಕೆ? ಅಧಿಕಾರಿಗಳು ಮನುಷ್ಯನನ್ನು ತಡೆಯುತ್ತಿದ್ದರು. ರೋಗ ನಡೆಯುತ್ತಿದ್ದದ್ದು ಇಲಿಯ ಜೊತೆಗೆ. 1898ರಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಪ್ರಯೋಗ ಮಾಡಿ, ರೋಗವನ್ನು ಇಲಿಯಿಂದ ಇಲಿಗೆ ಸಾಗಿಸುವುದು ಚಿಗಟವೆಂದು ತೋರಿಸಿದನು. ಬಹುಕಾಲ ಯಾರೂ ನಂಬಲಿಲ್ಲ. 1905ರಿಂದ ಮುಂಬಯಿಯಲ್ಲಿ ನಡೆದ ಸಂಶೋಧನೆಗಳು ಅವನ ಮಾತನ್ನು ನಿಜವೆಂದು ಸ್ಥಾಪಿಸಿದವು. ಇಲಿ ಸತ್ತು ಮೈ ತಣ್ಣಗಾದ ಮೇಲೆ ಹಸಿದ ಚಿಗಟ ಮನುಷ್ಯನ ಮೈಗೆ ಹತ್ತುತ್ತದೆ. ಅಂದ ಮೇಲೆ ಇಲಿ ಬಿದ್ದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂಡುವುದೆಂದರೆ ಮೃತ್ಯುವಿನೊಡನೆ ಒಂದೇ ಹಾಸಿಗೆಯಲ್ಲಿ ಮಲಗಿದಂತೆ.

ಇದನ್ನು ನಮ್ಮ ಹಳ್ಳಿಯ ಜನ ಚಿಗಟದ ಶಾಸ್ತ್ರ ತಿಳಿಯದೆಯೂ ಅನುಭವದಿಂದ ಕಂಡುಕೊಂಡಿದ್ದರು. “ಇಲಿ ಬಿತ್ತಂದ್ರ ಮನಿ ಬಿಡಬೇಕು” ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅವಳ ಕಾಲದ ಜನ ವರ್ಷಗಳನ್ನು ಎಣಿಸುತ್ತಿದ್ದದ್ದೂ ಹಾಗೆಯೇ: ಇವನು ಹುಟ್ಟಿದ್ದು ಊರು ಬಿಟ್ಟ ವರ್ಷ, ಅವಳ ಲಗ್ನವಾದದ್ದು ಗುಡಿಸಲಲ್ಲಿದ್ದಾಗ. ಕನ್ನಡದಲ್ಲಿ “ಹೊರಬೀಡು” ಎಂಬ ಮಾತಿದೆ. ಕೇಡು ಬಂದಾಗ, ಇಲ್ಲವೆ ಬಾರದಿರಲೆಂದು, ಊರಿಗೆ ಊರೇ ಮನೆಗಳನ್ನು ಬರಿದು ಮಾಡಿ ಸೀಮೆಯಲ್ಲಿ ಬೀಡುಬಿಡುವ ಪದ್ಧತಿ. ಚಿತ್ರದುರ್ಗ, ದಾವಣಗೆರೆಗಳ ಕಡೆ ಕೆಲವು ಹಳ್ಳಿಗಳಲ್ಲಿ ಅದು ಇಂದಿಗೂ ಆಚರಣೆಯಾಗಿ ಉಳಿದಿದೆ. ಅನಂತಮೂರ್ತಿಯವರ “ಸಂಸ್ಕಾರ” ಕಾದಂಬರಿಯನ್ನು ಓದಿದವರಿಗೆ ಅಗ್ರಹಾರದಲ್ಲಿ ಬೀಳುವ ಇಲಿಗಳ ನೆನಪಿರಬೇಕು. ಅಲ್ಲಿ ಇಲಿ ಹೇಳಿದ ಸುದ್ದಿಯನ್ನು ಅರ್ಥಮಾಡಿಕೊಳ್ಳದ ಶಾಸ್ತ್ರಜ್ಞರಿದ್ದಾರೆ. ಬಯಲುಸೀಮೆಯ ರೈತನಿಗೆ ಅದು ಥಟ್ಟನೆ ಅರ್ಥವಾಗುತ್ತಿತ್ತು. ಸರಕಾರ 1898ರಲ್ಲಿ ನೇಮಿಸಿದ ಪ್ಲೇಗು ಆಯೋಗವೂ ಕೊನೆಗೆ, ಇತರ ಉಪಾಯಗಳಿಗಿಂತ ಊರು ತೆರವು ಮಾಡುವುದಕ್ಕೇ ಹೆಚ್ಚಿನ ಬೆಲೆ ಕೊಟ್ಟಿತು.

ಊರು ಬಿಡುವುದು ಸುಖದ ಮಾತೆಂದು ಯಾರೂ ತಿಳಿಯಬಾರದು. ಮಳೆಗಾಲದಲ್ಲಿ ಹೊಲದ ಗುಡಿಸಲು ಸೋರುತ್ತದೆ. ಬಿಟ್ಟು ಬಂದ ಮನೆಗೆ ಕಳ್ಳರ ಭಯ. ಹೊಲವಿದ್ದವನು ತನ್ನ ಹೊಲಕ್ಕೆ ಹೋದಾನು. ಹೊಲವಿಲ್ಲದವನು ಎಲ್ಲಿಗೆ ಹೋಗಬೇಕು? ಹೀಗಾಗಿ ಬೇರೊಂದು ದಾರಿ ಬೇಕಾಯಿತು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದನು. ಮರುವರ್ಷ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯನ ಕೈಯಲ್ಲಿ, ಸುಮಾರು ಐವತ್ತು ಸಾವಿರ ಜನರಿದ್ದ ಆ ಊರಿನಲ್ಲಿ, ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಚುಚ್ಚಿಸಿಕೊಂಡರು. ಜಗತ್ತಿನ ಲಸಿಕೆಯ ಇತಿಹಾಸದಲ್ಲಿ ನಮ್ಮ ಹುಬ್ಬಳ್ಳಿಗೆ ಹೀಗೊಂದು ಗೌರವದ ಸ್ಥಾನವಿದೆ. ನಮ್ಮ ಮಕ್ಕಳಿಗೆ ನಾವು ಅದನ್ನು ಹೇಳುವುದೇ ಇಲ್ಲ.

ಹಾಗಾದರೆ ಬಾಗಿಲು ಮುಚ್ಚುವುದು ಎಂದೂ ಉಪಯೋಗವಿಲ್ಲವೇ? ಹಾಗೆ ಹೇಳಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಪ್ಲೇಗು ಇಲಿಯ ಹಿಂದೆ ನಡೆದರೆ, 1918ರ ಇನ್‌ಫ್ಲುಯೆಂಜಾ ಮನುಷ್ಯನ ಉಸಿರಿನ ಹಿಂದೆ ನಡೆಯಿತು. ಅಮೆರಿಕದ ಎರಡು ನಗರಗಳ ಕಥೆ ಇಲ್ಲಿ ಉಪಯುಕ್ತವಾದದ್ದು. ಫಿಲಡೆಲ್ಫಿಯಾದಲ್ಲಿ ರೋಗ ಹೊಕ್ಕಿದೆಯೆಂದು ತಿಳಿದೂ ಸೆಪ್ಟೆಂಬರ್ 28ರಂದು ಯುದ್ಧನಿಧಿಯ ದೊಡ್ಡ ಮೆರವಣಿಗೆ ನಡೆಯಿತು. ಶಾಲೆ, ನಾಟಕಶಾಲೆಗಳನ್ನು ಮುಚ್ಚಿದ್ದು ಅಕ್ಟೋಬರ್ 3ಕ್ಕೆ. ಸೇಂಟ್ ಲೂಯಿಸ್ ನಗರ ಮೊದಲ ರೋಗಿಗಳು ಕಂಡ ಎರಡೇ ದಿನಗಳಲ್ಲಿ ಎಲ್ಲವನ್ನೂ ಮುಚ್ಚಿತು. ರೋಗ ಅತ್ಯಂತ ಜೋರಾಗಿದ್ದ ವಾರದಲ್ಲಿ ಲಕ್ಷ ಜನರಿಗೆ ಫಿಲಡೆಲ್ಫಿಯಾದಲ್ಲಿ ಹೆಚ್ಚುವರಿಯಾಗಿ ಸತ್ತವರು 257, ಸೇಂಟ್ ಲೂಯಿಸಿನಲ್ಲಿ 31. ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ: ನಿರ್ಬಂಧ ಸಡಿಲಿಸಿದ ಮೇಲೆ ಸೇಂಟ್ ಲೂಯಿಸಿನಲ್ಲಿಯೂ ರೋಗ ಮತ್ತೆ ತಲೆಯೆತ್ತಿತು. ಮುಚ್ಚಿದ ಬಾಗಿಲು ರೋಗವನ್ನು ಕೊಲ್ಲಲಿಲ್ಲ, ಕಾಯಿಸಿತು, ಅಷ್ಟೇ.

ಇನ್ನು ನಮ್ಮ ಕಾಲಕ್ಕೆ ಬರೋಣ. ಕೋವಿಡ್ ಕೂಡ ಉಸಿರಿನ ರೋಗ. ದೇಶದಲ್ಲಿ ಅದರಿಂದಾದ ಮೊದಲ ಸಾವು 2020ರ ಮಾರ್ಚಿನಲ್ಲಿ ನಮ್ಮ ಕಲಬುರಗಿಯದೇ. ಮಾರ್ಚ್ 24ರ ನಡುರಾತ್ರಿಯಿಂದ ದೇಶ ಮುಚ್ಚಿದಾಗ ಗೊತ್ತಿದ್ದ ರೋಗಿಗಳು ಐದುನೂರರ ಆಸುಪಾಸು. ಮೇ ತಿಂಗಳ ಕೊನೆಗೆ 1 ಲಕ್ಷ 80 ಸಾವಿರ ದಾಟಿದರು. ಅಂದರೆ ಬೀಗ ಬಿದ್ದ ಮನೆಯಲ್ಲಿಯೂ ರೋಗ ಬೆಳೆಯಿತು. ಆದರೆ ಬಿಟ್ಟಿದ್ದರೆ ಬೆಳೆಯುತ್ತಿದ್ದ ವೇಗದಲ್ಲಿ ಬೆಳೆಯಲಿಲ್ಲ. ನಾವು ಮುಚ್ಚಿದ ದಿನದ ಮರುದಿನವೇ ನ್ಯೂಜಿಲೆಂಡ್ ಕೂಡ ಮುಚ್ಚಿತು. ಆ ವರ್ಷವಿಡೀ ಅಲ್ಲಿ ಸತ್ತವರು ಇಪ್ಪತ್ತೈದು ಮಂದಿ. ಸಮುದ್ರದ ನಡುವಿನ, ಐವತ್ತು ಲಕ್ಷ ಜನರ ದೇಶ ಅದು. ಕೆಲಸ ನಿಂತವರ ಕೂಲಿಗೆ ಅಲ್ಲಿನ ಸರಕಾರ ಹಣ ಕೊಟ್ಟಿತು. ಸ್ವೀಡನ್ ಪೂರ್ತಿ ಮುಚ್ಚಲೇ ಇಲ್ಲ. ಮೊದಲ ವರ್ಷ ನೆರೆಯ ನಾರ್ವೆ, ಫಿನ್ಲೆಂಡ್‌ಗಳಿಗಿಂತ ಅಲ್ಲಿ ಹೆಚ್ಚು ಜನ ಸತ್ತರು. ಆದರೆ ಮೂರು ವರ್ಷಗಳ ಒಟ್ಟು ಲೆಕ್ಕದಲ್ಲಿ ಯುರೋಪಿನ ಎಷ್ಟೋ ದೇಶಗಳಿಗಿಂತ ಅದರ ಸ್ಥಿತಿ ಚೆನ್ನಾಗಿಯೇ ಇತ್ತು. ಎರಡೂ ಪಕ್ಷದ ವಾದಿಗಳಿಗೆ ಬೇಕಾದ ಉದಾಹರಣೆ ಹೀಗೆ ಸಿಕ್ಕುತ್ತದೆ.

ನನಗೆ ತೋರುವುದಿಷ್ಟು. ಬಾಗಿಲು ಮುಚ್ಚುವುದು ಮದ್ದಲ್ಲ. ಸಾಲ ತಂದ ವೇಳೆ. ಸಾಲವೆಂದ ಮೇಲೆ ಎರಡು ಮಾತು ಕೇಳಲೇಬೇಕು. ತಂದ ಸಾಲವನ್ನು ಯಾವುದಕ್ಕೆ ಖರ್ಚು ಮಾಡಿದಿರಿ? ಬಡ್ಡಿಯನ್ನು ಕಟ್ಟಿದವರು ಯಾರು?

ಮೊದಲನೆಯ ಪ್ರಶ್ನೆಗೆ ಉತ್ತರ ಮಿಶ್ರವಾದದ್ದು. ಆ ವೇಳೆಯಲ್ಲಿ ಪರೀಕ್ಷಾಲಯಗಳು ಹೆಚ್ಚಿದವು, ರೋಗದ ಸ್ವಭಾವ ತಿಳಿಯಿತು, 2021ರ ಜನವರಿ 16ರಂದು ಲಸಿಕೆ ಆರಂಭವಾಯಿತು. ಆದರೆ ಅದೇ ವರ್ಷದ ಮೇ ತಿಂಗಳ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಒಂದೇ ದಿನದೊಳಗೆ ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದಾಗ, ದೇಶವನ್ನು ಮುಚ್ಚಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಕಣಜ ತುಂಬಿಸದೆ ಕೋಟೆಯ ಬಾಗಿಲು ಹಾಕಿದ ಸೇನಾಪತಿಯನ್ನು ಇತಿಹಾಸ ಹೊಗಳುವುದಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಕಠಿಣವಾದದ್ದು. ನಮಗೆ, ತಿಂಗಳ ಪಗಾರ ಬರುವವರಿಗೆ, ಬಾಗಿಲು ಹಾಕಿಕೊಂಡು ಕೂಡುವುದು ಬೇಸರದ ಸಂಗತಿಯಾಗಿತ್ತು, ಅಷ್ಟೇ. ಮಾರ್ಚ್ ಎಂದರೆ ಬ್ಯಾಡಗಿಯ ಪೇಟೆಗೆ ಕೆಂಪು ಮೆಣಸಿನಕಾಯಿ ಬರುವ ಸುಗ್ಗಿ. ಆ ಹೊತ್ತಿನಲ್ಲಿ ದಾರಿ ಮುಚ್ಚಿದರೆ ಚೀಲ ಹೊರುವ ಹಮಾಲನಿಗೆ ಅಂದಿನ ಕೂಲಿಯೇ ಇಲ್ಲ. ಬೆಂಗಳೂರಿನಲ್ಲಿ ಮನೆ ಕಟ್ಟಲು ಹೋದ ಉತ್ತರ ಕರ್ನಾಟಕದ ಕೂಲಿಕಾರರು ಗಂಟುಮೂಟೆ ಹೊತ್ತು ಊರಿಗೆ ಹೊರಟರು. ಮೇ ತಿಂಗಳ ಮೊದಲಲ್ಲಿ ಹೊರ ರಾಜ್ಯಗಳ ಕಾರ್ಮಿಕರನ್ನು ಒಯ್ಯಬೇಕಾಗಿದ್ದ ರೇಲುಗಳನ್ನು, ಕಟ್ಟಡದ ಕೆಲಸ ನಿಲ್ಲುತ್ತದೆಂಬ ವಿಚಾರದಿಂದ ರಾಜ್ಯ ಸರಕಾರ ರದ್ದು ಮಾಡಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಪ್ಲೇಗಿನ ಕಾಲದಲ್ಲಿ ಬಡವನಿಗೆ ಊರು ಬಿಡಲು ನೆಲವಿರಲಿಲ್ಲ. ಕೋವಿಡ್ಡಿನ ಕಾಲದಲ್ಲಿ ಊರು ಸೇರಲು ದಾರಿಯಿರಲಿಲ್ಲ. ಮತ್ತೆ ಅವನು ಊರಿಗೆ ಬಂದಾಗ ಏನಾಯಿತು? ನಮ್ಮ ಎಷ್ಟೋ ಹಳ್ಳಿಗಳ ಜನ ತಾವಾಗಿಯೇ ದಾರಿಗೆ ಮುಳ್ಳುಕಂಟಿ ಹಚ್ಚಿದ್ದರು. ಅದರಲ್ಲಿ ವಿವೇಕವೂ ಇತ್ತು. ಆದರೆ ಆ ಮುಳ್ಳಿನ ಆಚೆ ನಿಂತವನು ಹಲವೆಡೆ ಅದೇ ಊರಿನ ಮಗ. ಹೊರಬೀಡಿನಲ್ಲಿ ಊರೆಲ್ಲ ಕೂಡಿ ಹೊರಗೆ ಹೋಗುತ್ತಿತ್ತು. ಇಲ್ಲಿ ಕೆಲವರನ್ನು ಹೊರಗೆ ನಿಲ್ಲಿಸಿ ಉಳಿದವರು ಒಳಗೆ ಉಳಿದೆವು.

2020ರಲ್ಲಿ ಪ್ರಯೋಗಿಸಿದ ಕಾಯಿದೆಗಳಲ್ಲಿ 1897ರ ಆ ನಾಲ್ಕು ಕಲಮುಗಳ ಕಾಯಿದೆಯೂ ಒಂದು. ಅಪ್ಪಣೆ ಮೀರಿದವನಿಗೆ ಶಿಕ್ಷೆಯೇನೆಂದು ಅದರಲ್ಲಿದೆ. ಅಪ್ಪಣೆ ಕೊಟ್ಟ ಅಧಿಕಾರಿಯ ಮೇಲೆ ದಾವೆ ಹೂಡಬಾರದೆಂದೂ ಇದೆ. ಒಳಗೆ ಕೂತವನ ಒಲೆ ಹೇಗೆ ಉರಿಯಬೇಕೆಂಬ ಮಾತು ಮಾತ್ರ ಇಲ್ಲ. ಆ ಮಾತನ್ನು ಸೇರಿಸದ ತನಕ ಮುಂದಿನ ಪಿಡುಗಿನಲ್ಲಿಯೂ ಇದೇ ವಾದ, ಇದೇ ಕಣ್ಣೀರು.

ಬಂಕಾಪುರದ ಕೋಟೆಯಲ್ಲಿ ಈಗ ನವಿಲುಗಳಿವೆ, ಬಾಗಿಲು ಕಾಯುವವರಿಲ್ಲ. ಆದರೂ ಕೋಟೆ ಕಟ್ಟಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಬಾಗಿಲಿಗಿಂತ ಮೊದಲು ಬಾವಿ ತೋಡಬೇಕು, ಕಣಜ ಕಟ್ಟಬೇಕು; ಬರುವ ಶತ್ರು ಆನೆಯ ಮೇಲೆ ಬರುವನೋ ಕುದುರೆಯ ಮೇಲೆ ಬರುವನೋ ಎಂಬುದನ್ನು ತಿಳಿದಿರಬೇಕು. ಮುಂದೊಮ್ಮೆ ಬಾಗಿಲು ಹಾಕುವ ಅಪ್ಪಣೆ ಬಂದರೆ ಅದನ್ನು ಪಾಲಿಸೋಣ. ಆದರೆ ಪಾಲಿಸುವ ಮೊದಲ ದಿನವೇ ಕಣಜದ ಲೆಕ್ಕವನ್ನೂ ಕೇಳೋಣ.